ಬೆನ್ನು ತಟ್ಟಿದ ಕೈ

"ಈ ಕೈಯಿಂದಲೇ ಅಲ್ವಾ ಅವರ ಎಲುಬು ಮುರಿದಿದ್ದು?"

ಪರೇಲಿನ ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ನಿಂತು ವಿನೋದಿನಿ ಕೇಳಿದ್ದು ಯಾರನ್ನೂ ಅಲ್ಲ.

ಸತ್ಯಮೂರ್ತಿಗೆ ಹುಟ್ಟಿನಿಂದಲೇ ಸಿಸ್ಟಿಕ್ ಫೈಬ್ರೋಸಿಸ್. ಎದೆಯಲ್ಲಿ ಅಂಟುಕಫ ಕಟ್ಟುತ್ತದೆ. ದಿನವೂ ಬೆನ್ನು ತಟ್ಟಿ ಸಡಿಲಿಸಬೇಕು. ಅವನ ತಾಯಿ ಅಮ್ಮಣ್ಣಿಯ ಕೈ ಸೋತಾಗ, ಸಯನ್‌ನಲ್ಲಿ ಅವರದೇ ಬಿಲ್ಡಿಂಗಿನಲ್ಲಿದ್ದ ವಿನೋದಿನಿ ಆ ಕೆಲಸ ವಹಿಸಿಕೊಂಡಳು. ಅಜ್ಜನ ಬಾಯಲ್ಲಿ ಕೇಳಿ ಕಲಿತ ಷಟ್ಪದಿಗಳನ್ನು ಹೇಳುತ್ತ, ಆ ಲಯಕ್ಕೇ ತಟ್ಟುತ್ತಿದ್ದಳು.

"ಯುದ್ಧದ ಪದ್ಯ ಬೇಡ ಕಣ್ರೀ, ಬೆನ್ನು ನಂದು!" ಎಂದು ಅವನು ನಗುತ್ತಿದ್ದ.

ಆ ನಗುವಿಗೇ ಅವಳು ಸೋತಿದ್ದಳು. ಹೇಳುವ ಧೈರ್ಯ ಮಾತ್ರ ಬರಲಿಲ್ಲ...

ಒಂದು ಸಂಜೆ ಅವಳ ಅಂಗೈಯ ಕೆಳಗೆ ಅವನ ಪಕ್ಕೆಲುಬು 'ಚಟ್' ಎಂದಿತು. ಅವನು ಚೀರಿದ. ಅಂದಿನಿಂದ ಅವಳು ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಇಂದು ಅಮ್ಮಣ್ಣಿಯೇ ಕೈಹಿಡಿದು ಲೋಕಲ್ ರೈಲು ಹತ್ತಿಸಿ ಕರೆತಂದಿದ್ದರು.

ಹಾಸಿಗೆಯಲ್ಲಿ ಸತ್ಯಮೂರ್ತಿ ಇನ್ನಷ್ಟು ಇಳಿದುಹೋಗಿದ್ದ.

"ನನ್ನ ಕಫ ನೋಡಿ ನಿಮಗೆ ಅಸಹ್ಯ ಆಯ್ತೇನೋ ಅಂದ್ಕೊಂಡೆ," ಎಂದ ಮೆಲ್ಲಗೆ.

"ಅಯ್ಯೋ! ಎಲುಬು ಮುರಿದೋಳು ಯಾವ ಮುಖ ಹೊತ್ಕೊಂಡು ಬರ್ಲಿ?"

"ನೀವಾ? ಇಲ್ಲ ವಿನೋದಿನಿ! ಎದೆಯ ಇನ್‌ಫೆಕ್ಷನ್ ಮತ್ತೆ ಮತ್ತೆ ಕೆರಳಿದ್ರೆ ಅದರ ಉರಿ ಮೂಳೆಗೂ ತಟ್ಟುತ್ತಂತೆ. ಒಳಗೊಳಗೇ ಟೊಳ್ಳು ಮಾಡುತ್ತಂತೆ. ಡಾಕ್ಟರೇ ಹೇಳಿದ್ರು. ನಿನ್ನೆ ಬರೀ ಕೆಮ್ಮಿಗೇ ಇನ್ನೊಂದು ಪಕ್ಕೆಲುಬು ಬಿರುಕು ಬಿಡ್ತು."

ಅವಳ ಎದೆಯ ಭಾರ ಇಳಿಯಿತು. ಇಳಿದ ಜಾಗದಲ್ಲೇ ಭಯ ಬಂದು ಕೂತಿತು. 'ದೇವರೇ, ಕೈಯ ತಪ್ಪಾಗಿದ್ದರೆ ಕೈ ತಿದ್ದಿಕೊಳ್ಳುತ್ತಿದ್ದೆ. ಇದನ್ನು ಹೇಗೆ ತಿದ್ದಲಿ?'

"ಪವಾಯಿಯಿಂದ ನಿಮಗೊಂದು ಸಂಬಂಧ ಬಂದಿದೆಯಂತೆ... ಅಮ್ಮ ಹೇಳಿದ್ರು," ಎಂದ ಅವನು.

"ಹ್ಞೂಂ."

"ಒಪ್ಕೊಳ್ಳಿ." ಅವನು ಮುಖ ಆಚೆ ತಿರುಗಿಸಿದ. "ನನಗೆ ನಿಮ್ಮ ಮೇಲೆ ಪ್ರಾಣ. ಅದಕ್ಕೇ ಕೇಳ್ತಿದ್ದೀನಿ. ಈ ಮೈ ಬಹಳ ದಿನ ಬಾಳಲ್ಲ. ಇದೊಂದು ಮಾತು ನಡೆಸಿಕೊಡಿ."

ಆ 'ಪ್ರಾಣ' ಎಂಬ ಮಾತಿಗೆ ಅವಳ ಕಣ್ಣು ತುಂಬಿ ಹರಿಯಿತು. ಸೆರಗಿನಲ್ಲಿ ಒರೆಸಿಕೊಂಡು, ಮಂಚದ ಪಕ್ಕದ ಸ್ಟೂಲು ಎಳೆದು ಕೂತಳು.

"ಇಲ್ಲ."

"ನಾಳೆ ನೀವೇ ಅಳಬೇಕಾಗುತ್ತೆ, ವಿನೋದಿನಿ..."

"ಅಳ್ತೀನಿ ಬಿಡಿ. ಆದ್ರೆ ಆ ಸಂಬಂಧಕ್ಕೆ ಒಪ್ಪಲ್ಲ ಅಂದ್ರೆ ಒಪ್ಪಲ್ಲ!"