ಇಲ್ಲದ ನಾಳ

ಅವನು ಅವಳಿಗೆ ಹೇಳಿದ ಮೊದಲ ಮಾತೇ "ತಪ್ಪು".

ಅವಳು ಲ್ಯಾಬಿಗೆ ಹೊಸದಾಗಿ ಸೇರಿದ ಚಿತ್ರಗಾರ್ತಿ. ಅವನು ಟೆಕ್ನಿಷಿಯನ್. ಸತ್ತ ಕಪ್ಪೆಯ ಕಣ್ಣಿನ ರಕ್ತನಾಳಗಳಿಗೆ ಸೂಜಿಯಿಂದ ನೀಲಿ ಬಣ್ಣ ತುಂಬಿಸಿ, ಮೈಕ್ರೋಸ್ಕೋಪಿನ ಕೆಳಗೆ ಇಟ್ಟುಕೊಡುವುದು ಅವನ ಕೆಲಸ. ಎಡಗಣ್ಣನ್ನು ಮೈಕ್ರೋಸ್ಕೋಪಿಗೆ ಒತ್ತಿ, ಬಲಗಣ್ಣನ್ನು ಹಾಳೆಯ ಮೇಲಿಟ್ಟು, ಕಂಡದ್ದನ್ನು ಕಂಡ ಹಾಗೆ ಇಂಕಿನಲ್ಲಿ ಬರೆಯುವುದು ಅವಳ ಕೆಲಸ. ಮೊದಲ ಚಿತ್ರದಲ್ಲೇ ಅವಳು ನಾಳಗಳನ್ನು ರೆಟಿನಾದ, ಅಂದರೆ ಕಣ್ಣಿನ ಹಿಂಬದಿಯ ನೋಟದ ಪದರದ, ಒಳಕ್ಕೆ ಇಳಿಸಿಬಿಟ್ಟಿದ್ದಳು.

"ಅದು ಮನುಷ್ಯರ ಕಣ್ಣಲ್ಲಿ," ಎಂದು ಅವನು ಲ್ಯಾಬಿನ ಮೇಡಂ ಎದುರಿಗೇ ಹೇಳಿದ. "ಕಪ್ಪೆ ರೆಟಿನಾದ ಒಳಗೆ ಒಂದು ನಾಳಾನೂ ಹೋಗಲ್ಲ. ಅದರ ಹಿಂದೆ ನಾಳಗಳ ಒಂದು ಪದರ, ಮುಂದೆ ಒಂದು ಬಲೆ. ಎರಡೂ ಹೊರಗಿಂದಾನೇ ಊಟ ಹಾಕ್ತವೆ."

ಮೇಡಂ ಅವಳನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡರು. ಆಮೇಲೆ ಎಷ್ಟೋ ದಿನ ಅವಳು ಅವನತ್ತ ತಿರುಗಿಯೂ ನೋಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವನು ತನ್ನನ್ನೇ ಬೈದುಕೊಂಡ.

ಕೊನೆಗೆ ಕಾರಿಡಾರಿನ ಕಾಫಿ ಮೆಷಿನ್ ಹತ್ತಿರ ಅವಳೇ ಮೌನ ಮುರಿದಳು.

"ಕಪ್ಪೆರಾಯರೇ, ಒಳಗೆ ಹೋಗದೆ ಊಟ ಹೇಗೆ ಹಾಕ್ತವೆ?"

"ಒರಗಿಕೊಂಡು ಇರ್ತವೆ. ಅಷ್ಟು ತೆಳು ಪದರಕ್ಕೆ ಹತ್ತಿರ ಇದ್ರೆ ಸಾಕು."

"ಹತ್ತಿರ ಇದ್ರೆ ಸಾಕಾ?"

ಲೋಟದ ಅಂಚಿನ ಮೇಲಿಂದ ಅವಳು ನೋಡಿದಳು. ಬಾಯಿ ಲೋಟದ ಹಿಂದೆ ಇತ್ತು, ನಗು ಮಾತ್ರ ಕಣ್ಣಿಗೆ ಬಂದಿತ್ತು. ಅವನು ತನ್ನ ಕಾಫಿಯನ್ನು ತೋಳಿನ ಮೇಲೆ ಚೆಲ್ಲಿಕೊಂಡ. ಇನ್ನು ಜನ್ಮದಲ್ಲಿ ಇವಳಿಗೆ "ತಪ್ಪು" ಎನ್ನುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿದ.

ಆ ತೀರ್ಮಾನವೇ ಮುಳುವಾಯಿತು.

ಚಳಿಗಾಲದ ಹೊತ್ತಿಗೆ ಅವಳ ಚಿತ್ರಗಳಲ್ಲಿ ಒಂದು ಹೊಸ ಎಳೆ ಬರತೊಡಗಿತು. ಕಪ್ಪೆಯ ಕಣ್ಣಿನ ನಾಳಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಬಲೆಯಾಗುತ್ತವೆ. ಇದು ಮಾತ್ರ ಮೇಲಿನಿಂದ ಒಂಟಿಯಾಗಿ ಇಳಿದು, ಯಾವುದಕ್ಕೂ ಸೇರದೆ, ನಡುವೆ ನಿಂತುಬಿಡುತ್ತಿತ್ತು. ಅವನು ಮೈಕ್ರೋಸ್ಕೋಪಿನಲ್ಲಿ ಇಣುಕಿ ನೋಡಿದ. ಅಂಥ ನಾಳ ಅಲ್ಲಿರಲಿಲ್ಲ. ಕೈತಪ್ಪಿರಬೇಕು ಎಂದುಕೊಂಡು, ಅವಳು ಮನೆಗೆ ಹೊರಟ ಮೇಲೆ ಬ್ಲೇಡಿನ ತುದಿಯಿಂದ ಆ ಗೆರೆಯನ್ನು ಹೆರೆದು, ಹಾಳೆಯನ್ನು ಉಗುರಿನಿಂದ ಉಜ್ಜಿ ನುಣುಪು ಮಾಡಿ ಮೇಡಂ ಟೇಬಲ್ಲಿಗೆ ಇಟ್ಟ. ಮುಂದಿನ ಚಿತ್ರದಲ್ಲೂ ಅದೇ ಎಳೆ, ಅದೇ ಜಾಗ. ಮತ್ತೆ ಹೆರೆದ.

"ಹೇಗಿದೆ ಚಿತ್ರ?" ಎಂದು ಅವಳು ಕೇಳುತ್ತಿದ್ದಳು.

"ಚೆನ್ನಾಗಿದೆ."

"ಬರೀ ಚೆನ್ನಾಗಿದೆಯಾ? ಬೇರೆ ಏನೂ ಹೇಳೋದಿಲ್ವಾ?"

ಹೇಳುವುದು ಬೇಕಾದಷ್ಟಿತ್ತು. ಅವಳ ಬೆರಳಿಗೆ ಅಂಟಿದ ಇಂಕನ್ನು ನೋಡುತ್ತ ಅವನು ಬೆಪ್ಪನಂತೆ ನಿಲ್ಲುತ್ತಿದ್ದ. ಅವಳು ನಕ್ಕು ಪೆನ್ನಿನ ಮುಚ್ಚಳ ಹಾಕುತ್ತಿದ್ದಳು. ಆ ದಿನಗಳಲ್ಲಿ ಅವನು ನಿಜಕ್ಕೂ ಸುಖವಾಗಿದ್ದ.

ಒಂದು ಬೆಳಿಗ್ಗೆ ಅವಳು ಬರಲಿಲ್ಲ. ಅವಳ ಅಕ್ಕ ಫೋನ್ ಮಾಡಿದಳು: ಎಡಗಣ್ಣಿಗೆ ಪೂರ್ತಿ ಕತ್ತಲು ಕವಿದಿದೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಮುಚ್ಚುಮರೆ ಮಾಡಲಿಲ್ಲ. ಚಿಕ್ಕಂದಿನಿಂದ ಇದ್ದ ಸಕ್ಕರೆ ಕಾಯಿಲೆಯಿಂದ ಕಣ್ಣಿನಲ್ಲಿ ಬೆಳೆಯಬಾರದ ನಾಳಗಳು ಬೆಳೆದು ಒಡೆದಿದ್ದವು. ರೆಟಿನಾ ಹರಿದಿತ್ತು. ಆ ಕಣ್ಣು ಇನ್ನು ಬರುವುದಿಲ್ಲ.

"ಮೊದಲೇ ಬಂದಿದ್ರೆ ಲೇಸರ್ ಮಾಡಬಹುದಿತ್ತು. ಕಣ್ಣೆದುರು ದಾರದ ಹಾಗೆ ಏನಾದ್ರೂ ಕಾಣ್ತಿತ್ತಾ?"

"ಗೋಡೆ ನೋಡಿದಾಗ ಒಂದೊಂದ್ಸಲ. ಆಯಾಸ ಅಂದ್ಕೊಂಡೆ," ಎಂದಳು. "ಮೈಕ್ರೋಸ್ಕೋಪಲ್ಲೂ ಒಂದು ಎಳೆ ಇರ್ತಿತ್ತು. ಆದ್ರೆ ಅದು ಕಪ್ಪೆದು ಡಾಕ್ಟ್ರೇ. ನಾನು ಬರ್ದಿದ್ದೀನಿ, ಯಾರೂ ತಪ್ಪು ಅನ್ನಲಿಲ್ಲ."

ಬಾಗಿಲ ಬಳಿ ನಿಂತಿದ್ದ ಅವನಿಗೆ ಆಗ ಅರ್ಥವಾಯಿತು. ಅವಳು ತನ್ನದೇ ಕಣ್ಣಿನೊಳಗಿನ ರಕ್ತವನ್ನು ಬರೆದಿದ್ದಳು. ಅವನು ಅದನ್ನು ಹೆರೆದು ಹಾಕಿದ್ದ.

ಹೊರಗಿನ ಬೆಂಚಿನ ಮೇಲೆ ಅವನು ಎಲ್ಲವನ್ನೂ ಹೇಳಿದ. ಅಕ್ಕ ಎದ್ದು ದೂರ ಹೋಗಿ ನಿಂತಳು. ಅವಳು ಮಾತ್ರ ಕೂತೇ ಇದ್ದಳು.

"ಒಂದು ಮಾತು ಕೇಳೋಕೆ ಏನಾಗಿತ್ತು?"

"ಮತ್ತೆ ಮಾತು ಬಿಡ್ತೀರಿ ಅಂತ ಭಯ. ನಿಮ್ಮ ಮೇಲೆ ಜೀವಾನೇ ಇಟ್ಕೊಂಡಿದ್ದೆ."

"ಜೀವ ಇಟ್ಟೋರು ಬಾಯಿಗೆ ಬೀಗ ಹಾಕ್ಕೋತಾರಾ?" ದನಿ ಏರಲಿಲ್ಲ. "ಹತ್ತಿರ ಇದ್ರೆ ಸಾಕು ಅಂದ್ರಲ್ಲ. ಕಪ್ಪೆಗೆ ಸಾಕಾಗುತ್ತೆ. ನನಗೆ ಸಾಕಾಗಲಿಲ್ಲ."

ಕೆಟ್ಟ ಮೇಲೆ ಬುದ್ಧಿ ಬಂದರೆ ಅದನ್ನು ಯಾವ ಸಂತೆಯಲ್ಲಿ ಮಾರುವುದು?

ಬಲಗಣ್ಣಿಗೆ ಲೇಸರ್ ಮಾಡಿ, ಒಂದು ಎಳೆ ಕಂಡರೂ ಓಡಿ ಬನ್ನಿ ಎಂದು ಹೇಳಿ ಕಳಿಸಿದರು. ಚಳಿ ಕಳೆದ ಮೇಲೆ ಅವಳು ಉಳಿದಿದ್ದ ಕೊನೆಯ ಚಿತ್ರವನ್ನು ಮುಗಿಸಲು ಬಂದಳು. ಮೇಡಂ ಬೇಡವೆಂದರೂ ಕೇಳಲಿಲ್ಲ. ಅವನ ಸ್ಟೂಲನ್ನು ತಾನೇ ಪಕ್ಕಕ್ಕೆ ಎಳೆದು, "ಕೂತ್ಕೊಳ್ಳಿ," ಎಂದಳು.

ಈಗ ಇರುವುದು ಒಂದೇ ಕಣ್ಣು. ಮೈಕ್ರೋಸ್ಕೋಪಿಗೆ ಬಗ್ಗುವುದು, ಮೇಲೆದ್ದು ಬರೆಯುವುದು, ಮತ್ತೆ ಬಗ್ಗುವುದು. ಕೆಳಗಿನಿಂದ ನಾಳ ಎದ್ದಿತು, ಕವಲೊಡೆಯಿತು, ಬಲೆಯಾಗಿ ಹರಡಿತು. ಕೈ ಮೊದಲಿನಷ್ಟೇ ಚೆಂದ ಓಡುತ್ತಿತ್ತು. ಅವನಿಗೆ ಕಣ್ತುಂಬಿ ಬಂತು.

ಆಗ ಪೆನ್ನು ಹಾಳೆಯ ಮೇಲಂಚಿಗೆ ಹೋಯಿತು. ಒಂಟಿ ಎಳೆಯೊಂದು ಕೆಳಗಿಳಿದು, ಯಾವುದಕ್ಕೂ ಸೇರದೆ ನಿಂತಿತು.

ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಸ್ವಲ್ಪ ನೆಮ್ಮದಿ ಕಂಡಿತ್ತು.

"ತಪ್ಪು," ಎಂದ. "ಅಲ್ಲಿ ನಾಳ ಇಲ್ಲ."

ಅವಳು ಪೆನ್ನು ಕೆಳಗಿಟ್ಟಳು.

"ಗೊತ್ತು. ತಲೆ ಎತ್ತಿದ್ರೆ ಖಾಲಿ ಹಾಳೆ ಮೇಲೂ ಅದೇ ಎಳೆ ಕಾಣ್ತು, ಅಂದ್ರೆ ಅದು ನನ್ನ ಕಣ್ಣಿಂದೇ. ನೀವು ಹೇಳ್ತೀರೋ ಇಲ್ವೋ ನೋಡಬೇಕಿತ್ತು." ಇಂಕು ಅಂಟಿದ ಕೈಯನ್ನು ಅವನತ್ತ ಚಾಚಿದಳು. "ನಡೀರಿ, ಕರ್ಕೊಂಡು ಹೋಗಿ."

ಟ್ಯಾಕ್ಸಿಯಲ್ಲಿ ಅವಳು ತಲೆಯನ್ನು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿಕೊಂಡಿದ್ದಳು. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಕೇಳಿದಳು:

"ಇದಾದ್ರೂ ಉಳಿಯುತ್ತಾ?"

ಉಳಿಯುತ್ತೆ ಎನ್ನಬೇಕೆಂದು ಅವನ ಜೀವ ಹೊಡೆದುಕೊಂಡಿತು.

"ಗೊತ್ತಿಲ್ಲ," ಎಂದ.

ಅವಳು ತಲೆಯಾಡಿಸಿದಳು. ಕೈ ಬಿಡಲಿಲ್ಲ.