ಕಂಟಿನ್ಯೂ ಒತ್ತೋದಿಲ್ಲ!

“ಲ್ಯಾಪ್‌ಟಾಪ್ ಕೆಳಗಿಡು!”

ನನ್ನ ಮುಖ ಆಂಬುಲೆನ್ಸಿನ ಬಾಗಿಲಿಗೆ ಒತ್ತಿಕೊಂಡಿತ್ತು. ಕತ್ತಿನ ಹಿಂದೆ ಗೂಳಿಯ ಕೈ. ಅವನ ನಿಜವಾದ ಹೆಸರು ಕೇಳುವಷ್ಟು ಪುರುಸೊತ್ತು ಇರಲಿಲ್ಲ, ಗಾತ್ರ ನೋಡಿ ನಾನೇ ಇಟ್ಟ ಹೆಸರು ಅದು.

“ಇಡಲ್ಲ ಅಂದ್ರೆ?”

“ಕೈ ಮುರೀತೀನಿ.”

“ಎಡಗೈ ಮುರಿ. ಬಲಗೈಗೆ ಕೆಲಸ ಇದೆ.”

ಅವನು ಒಂದು ಗಳಿಗೆ ಯೋಚಿಸಿದ. ಪಾಪ, ಅಭ್ಯಾಸವಿಲ್ಲದ ಕೆಲಸ! ನನಗೆ ಅಷ್ಟೇ ಸಾಕಾಯಿತು. ಹಿಮ್ಮಡಿಯಿಂದ ಅವನ ಕಾಲ್ಬೆರಳನ್ನು ಜಜ್ಜಿದೆ. ಹಿಡಿತ ಸಡಿಲವಾಯಿತು.

ಓಡಿದೆ!

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಪಾರ್ಕಿಂಗ್ ದಾಟಿದರೆ ಬಟ್ಟೆ ಒಗೆಯುವ ಕೋಣೆ. ಎದುರಿಗೆ ಬೆಡ್‌ಶೀಟ್ ತುಂಬಿದ ಟ್ರಾಲಿ. ಅದನ್ನು ಎಳೆದು ಬಾಗಿಲಿಗೆ ಅಡ್ಡ ಹಾಕಿದೆ. ಗೂಳಿ ಬಂದ ರಭಸಕ್ಕೆ ಟ್ರಾಲಿಯ ಮೇಲೆಯೇ ಮಗುಚಿಬಿದ್ದ.

“ಏನಮ್ಮಾ ಇದು! ಈಗಷ್ಟೇ ಒಗೆದಿದ್ದು!” ಒಗೆಯುವಾಕೆ ಕೂಗಿದಳು.

“ಬಿಲ್ ಅವನಿಗೆ ಕಳಿಸಿ!”

ಮೆಟ್ಟಿಲು ಹತ್ತುತ್ತಲೇ ಹೇಳಿಬಿಡುತ್ತೇನೆ, ಕೇಳಿ. ಕೆಟ್ಟ ಸಾಫ್ಟ್‌ವೇರ್‌ಗಳ ಹೊಟ್ಟೆ ಬಗೆಯುವುದು ನನ್ನ ಕಸುಬು. ಈ ಆಸ್ಪತ್ರೆಯಲ್ಲಿ ಒಂದು ವೆಬ್ ಆಪ್ ಇತ್ತು. ನರ್ಸ್ ರೋಗಿಯ ಹೆಸರು ಆರಿಸಿದರೆ ಸಾಕು, ಅದೇ ತೂಕ ನೋಡಿ ಔಷಧಿಯ ಡೋಸ್ ಲೆಕ್ಕ ಹಾಕಿ ಲೇಬಲ್ ಕೊಡುತ್ತಿತ್ತು. ಪ್ರಜ್ಞೆಯಿಲ್ಲದೆ ಮಲಗಿದ್ದ ಒಬ್ಬ ಸಣಕಲು ಅಜ್ಜಿಗೆ ಒಂದು ದಿನ ಎರಡರಷ್ಟು ಡೋಸ್ ಬಿತ್ತು. ಅಜ್ಜಿ ಬದುಕಿದ್ದೇ ದೊಡ್ಡದು. ಸೂಜಿ ಚುಚ್ಚಿದ್ದು ನನ್ನ ಅತ್ತಿಗೆ.

“ಲೇಬಲ್ ನೋಡೇ ಕೊಟ್ಟೆ ಕಣೇ,” ಅಂದಿದ್ದಳು ಅತ್ತಿಗೆ. ಯಾರೂ ನಂಬಲಿಲ್ಲ. ಮರುದಿನವೇ ಕಂಪನಿಯವರು ಬಂದು ವಾರ್ಡಿನ ಆಪ್ ಬದಲಾಯಿಸಿ ಹೋದರು. ಹಳೆಯದು ಉಳಿದದ್ದು ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ, ಅದೂ ವಿಚಾರಣೆಗೆಂದು ಆಸ್ಪತ್ರೆಯೇ ಕೊಟ್ಟದ್ದು. ಅದನ್ನು ಕಿತ್ತುಕೊಳ್ಳಲೆಂದೇ ಕಂಪನಿ ಗೂಳಿಯನ್ನು ಛೂ ಬಿಟ್ಟಿತ್ತು. ಅದು ಇವತ್ತು ಹೋದರೆ ಅತ್ತಿಗೆಗೆ ಜೈಲು!

ಮೀಟಿಂಗ್ ಹಾಲಿನ ಬಾಗಿಲು ತಳ್ಳಿದೆ. ವಿಚಾರಣೆಗೆ ಕೂತ ಹಿರಿಯ ಡಾಕ್ಟರಮ್ಮ ತಲೆಯೆತ್ತಿದರು. ಎದುರು ಕುರ್ಚಿಯಲ್ಲಿ ಕಂಪನಿಯ ಡೈರೆಕ್ಟರ್, ಒಣಗಿದ ನುಗ್ಗೆಕಾಯಿಯಂಥ ಮನುಷ್ಯ. ಮೂಲೆಯಲ್ಲಿ ಅತ್ತಿಗೆ. ಅತ್ತೂ ಅತ್ತೂ ಕಣ್ಣು ಊದಿಕೊಂಡಿತ್ತು.

“ಡಾಕ್ಟರ್, ಇವಳು ಆ ನರ್ಸಿನ ನಾದಿನಿ!” ಡೈರೆಕ್ಟರ್ ಸಿಡುಕಿದ.

“ಅತ್ತಿಗೆ-ನಾದಿನಿ ಅಂದ್ರೆ ಎಣ್ಣೆ-ಸೀಗೆಕಾಯಿ ಸಾರ್. ತಪ್ಪು ಅವಳದಾಗಿದ್ರೆ ಮೊದಲು ಡಂಗುರ ಸಾರ್ತಿದ್ದೋಳು ನಾನೇ.”

ಡಾಕ್ಟರಮ್ಮನ ತುಟಿ ಸ್ವಲ್ಪ ಅಲುಗಿತು. “ತೋರಿಸಮ್ಮ.”

ಆಪ್ ಓಡಿಸಿದೆ. ಹೆಸರು ಬದಲಾಯಿಸಿದೆ. ಡೋಸ್ ಬದಲಾಯಿತು. ಮತ್ತೆ ಬದಲಾಯಿಸಿದೆ. ಮತ್ತೂ ಸರಿ!

“ನೋಡಿದ್ರಾ?” ಡೈರೆಕ್ಟರ್ ನಕ್ಕ. “ನಮ್ಮ ಆಪ್ ತಪ್ಪೋದೇ ಇಲ್ಲ.”

ಅತ್ತಿಗೆ ಮುಖ ಮುಚ್ಚಿಕೊಂಡಳು.

“ಇದು ಬರೀ ಓಟ ಸಾರ್,” ಅಂದೆ. “ಈಗ ಡಿಬಗ್ ಮೋಡ್.”

ಅವನ ನಗು ಅರ್ಧಕ್ಕೇ ನಿಂತಿತು.

ಡಿಬಗ್ ಮೋಡ್ ಅಂದರೆ ಏನು ಅಂತೀರಾ? ಓಡುತ್ತಿರುವ ಆಪನ್ನು ಬೇಕಾದ ಸಾಲಿನಲ್ಲಿ ತಡೆದು ನಿಲ್ಲಿಸುವುದು. ನಾನು ಕಂಟಿನ್ಯೂ ಒತ್ತುವವರೆಗೂ ಆ ಸಾಲಿನ ಲೆಕ್ಕ ಒಂದು ಹೆಜ್ಜೆ ಮುಂದೆ ಹೋಗುವಂತಿಲ್ಲ, ಪರದೆಯ ಬಟನ್‌ಗಳು ಮಾತ್ರ ಕೆಲಸ ಮಾಡುತ್ತಿರುತ್ತವೆ. ಹೆಸರು ಬದಲಾಯಿಸುವ ಸಾಲು ಮುಗಿದು, ಡೋಸ್ ಲೆಕ್ಕದ ಸಾಲು ಶುರುವಾಗುವ ಮುಂಚೆ ತಡೆ ಹಾಕಿದೆ.

ಅಷ್ಟರಲ್ಲಿ ಬಾಗಿಲಲ್ಲಿ ಗೂಳಿ! ಭುಜದ ಮೇಲೆ ಒಂದು ದಿಂಬಿನ ಕವರ್. ಇಷ್ಟು ಜನರನ್ನು ನೋಡಿ ಅಲ್ಲೇ ನಿಂತ.

“ಬಾರಪ್ಪ, ಸರಿಯಾದ ಹೊತ್ತಿಗೆ ಬಂದೆ! ನಿನ್ನ ತೂಕ ಎಷ್ಟು?”

“ನೂರಾ... ಹದಿನೈದು,” ಅಂದ, ಏದುಸಿರು ಬಿಡುತ್ತಾ.

“ನಿಮ್ಮದು ಸಾರ್?”

“ನನ್ನದ್ಯಾಕೆ?”

“ಹೇಳ್ರೀ,” ಅಂದರು ಡಾಕ್ಟರಮ್ಮ.

“ಐವತ್ತು.”

ಇಬ್ಬರನ್ನೂ ತೂಕದ ಸಮೇತ ರೋಗಿಗಳ ಪಟ್ಟಿಗೆ ಸೇರಿಸಿ, ಮೊದಲು ‘ಗೂಳಿ’ ಆರಿಸಿ, ಕಂಟಿನ್ಯೂ ಒತ್ತಿ ಡೋಸ್ ಬರಿಸಿದೆ. ಆಮೇಲೆ ಡೈರೆಕ್ಟರ್ ಹೆಸರು ಆರಿಸಿದೆ. ಡೋಸ್ ಲೆಕ್ಕ ಗಕ್ಕನೆ ನಿಂತಿತು.

ಲ್ಯಾಪ್‌ಟಾಪನ್ನು ಎಲ್ಲರ ಕಡೆ ತಿರುಗಿಸಿದೆ. ಪರದೆಯ ಮೇಲೆ ಡೈರೆಕ್ಟರ್ ಹೆಸರು. ಕೆಳಗೆ ಗೂಳಿಯ ಡೋಸ್!

“ಇದು ಮೋಸ!” ಡೈರೆಕ್ಟರ್ ಎದ್ದುನಿಂತ. “ಅವಳೇ ನಿಲ್ಲಿಸಿದ್ದಾಳೆ! ನಿಜವಾಗಿ ಇದು ಕಣ್ಣು ಮಿಟುಕಿಸೋದ್ರಲ್ಲಿ ಮುಗಿದುಹೋಗುತ್ತೆ!”

“ವಾರ್ಡಿನ ನೆಟ್‌ವರ್ಕು ಯಾವತ್ತು ಕಣ್ಣು ಮಿಟುಕಿಸೋದ್ರಲ್ಲಿ ಬಂದಿದೆ ಸಾರ್?” ಮೂಲೆಯಿಂದ ಅತ್ತಿಗೆ. ಅವಳು ಕುರ್ಚಿ ಬಿಟ್ಟು ಎದ್ದಿದ್ದಳು. “ಒಂದೊಂದ್ಸಲ ಆಮೆ ಥರ ತೆವಳುತ್ತೆ. ಅಷ್ಟರಲ್ಲಿ ನಾವು ಪ್ರಿಂಟ್ ಒತ್ತಿರ್ತೀವಿ, ಹಿಂದಿನ ರೋಗಿಯ ಡೋಸೇ ಬಂದಿರುತ್ತೆ.”

“ಪ್ರಿಂಟ್ ಬಟನ್ನಿಗೆ ತಡೆ ಇಲ್ವಾ?” ಡಾಕ್ಟರಮ್ಮ ಕೇಳಿದರು.

ಉತ್ತರ ಹೇಳುವ ಬದಲು ಒತ್ತಿದೆ. ಪಕ್ಕದ ಪ್ರಿಂಟರ್ ಗುರ್ ಎಂದು ಲೇಬಲ್ ಉಗುಳಿತು.

ಡಾಕ್ಟರಮ್ಮ ಅದನ್ನು ಓದಿದರು. ಸಾಕ್ಷಿಗೆಂದು ತಂದಿಟ್ಟಿದ್ದ ಔಷಧಿಯ ಬಾಟಲಿಯನ್ನು ಅತ್ತಿಗೆಯ ಕಡೆ ಸರಿಸಿದರು.

“ಸಿಸ್ಟರ್, ಲೇಬಲ್‌ನಲ್ಲಿ ಇರೋಷ್ಟು ತುಂಬಿ.”

ಅತ್ತಿಗೆ ಸಿರಿಂಜ್ ತುಂಬಿದಳು. ಕೈ ಒಂದಿಷ್ಟೂ ಅಲುಗಲಿಲ್ಲ. ಹೆಮ್ಮೆಯಾಯಿತು ನನಗೆ, ಸುಳ್ಳೇಕೆ ಹೇಳಲಿ!

“ನಿಮ್ಮ ಆಪ್ ತಪ್ಪೋದೇ ಇಲ್ಲ ಅಂದ್ರಲ್ಲ?” ಡಾಕ್ಟರಮ್ಮ ತಣ್ಣಗೆ ಕೇಳಿದರು. “ಅಂಗಿ ತೋಳು ಮಡಿಸಿ.”

ಡೈರೆಕ್ಟರ್ ನನ್ನ ಕಡೆ ತಿರುಗಿದ. “ಏಯ್, ಕಂಟಿನ್ಯೂ ಒತ್ತು!”

“ಒತ್ತೋದಿಲ್ಲ.”

“ಕೇಸ್ ಹಾಕ್ತೀನಿ! ಬೀದಿಗೆ ತರ್ತೀನಿ ನಿನ್ನ!”

“ಹಾಕಿ. ಬೀದಿ ನನಗೇನು ಹೊಸದಲ್ಲ.”

ಅತ್ತಿಗೆ ಸಿರಿಂಜ್ ಎತ್ತಿಕೊಂಡು ಒಂದು ಹೆಜ್ಜೆ ಮುಂದಿಟ್ಟಳು. ಡೈರೆಕ್ಟರ್ ಕುರ್ಚಿ ಉರುಳಿಸಿ ಗೋಡೆಗೆ ಅಂಟಿಕೊಂಡ.

“ಬೇಡ! ಅದು ನನ್ನ ಡೋಸ್ ಅಲ್ಲ! ಅವನದು! ಲೇಬಲ್ಲೇ ತಪ್ಪು!”

ಡಾಕ್ಟರಮ್ಮ ಪೆನ್ನು ತೆಗೆದುಕೊಂಡರು. “ಇನ್ನೊಂದ್ಸಲ ಹೇಳಿ. ಬರ್ಕೋಬೇಕು.”

ಅತ್ತಿಗೆ ಸೂಜಿಗೆ ಮುಚ್ಚಳ ಹಾಕಿ ಟ್ರೇಯಲ್ಲಿಟ್ಟಳು.

“ಆ ಅಜ್ಜಿಗೆ ಪ್ರಜ್ಞೆ ಇರ್ಲಿಲ್ಲ ಸಾರ್. ಇದ್ದಿದ್ರೆ ಅವರೂ ಹೀಗೇ ಕೂಗ್ತಿದ್ರು.”