ಎಲ್ಲ ಕೊಂಬೆಗೂ ನೂರು

"ಈ ಹಾಳು ಸಾಫ್ಟ್‌ವೇರ್ ಬರೆದವರು ಯಾರು?"

ಹೊನ್ನಾವರದ ಆ ಕಾಲೇಜಿನ ಕಂಪ್ಯೂಟರ್ ಕೋಣೆಗೆ ನುಗ್ಗಿದ ನೇತ್ರಾ ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಕುಕ್ಕಿದಳು. ಭಟ್ಕಳದ ಮುಟ್ಟಳ್ಳಿಯಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಸಿಟ್ಟು ಮೂಗಿನ ತುದಿಯಲ್ಲಿತ್ತು.

ಮೂಲೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದ ಯುವಕ ತಲೆ ಎತ್ತಿದ. "ನಾನೇ. ಶಿಶಿರ. ಎಂತ ಆತು?"

ಅಯ್ಯೋ... ಇಷ್ಟು ತಣ್ಣಗೆ ಕೇಳುವವನ ಮೇಲೆ ಕೂಗುವುದಾದರೂ ಹೇಗೆ?

"ಎಂತ ಆತು ಅಂದ್ರೆ? ನಿನ್ನೆ ನಲವತ್ತೆಂಟು ಕೊಡ್ತು. ಇವತ್ತು ಐವತ್ತೊಂದು! ನಾ ಒಂದಕ್ಷರ ಬದಲು ಮಾಡ್ಲಿಲ್ಲ!"

"ಅದು ಹಾಗೇ ಬರೂದು," ಎಂದು ಶಿಶಿರ ಇನ್ನೊಂದು ತುತ್ತು ಬಾಯಿಗೆ ಹಾಕಿಕೊಂಡ.

ನೇತ್ರಾ ಸಂಶೋಧನೆ ಮಾಡುತ್ತಿದ್ದದ್ದು ಬೆಳಚಿನ ಮೇಲೆ. ಕುಮಟಾದ ಬಳಿ ಅಘನಾಶಿನಿ ಸಮುದ್ರ ಸೇರುವಲ್ಲಿ, ನೀರಿಳಿದಾಗ ಹೆಂಗಸರು ಕೆಸರಿನಿಂದ ಹೆಕ್ಕುವ ಚಿಪ್ಪಿ ಅದು. ಇಲ್ಲಿಯ ಬೆಳಚು ಬೇರೆ ನದಿಗಳ ಬೆಳಚಿನಿಂದ ಎಂದೋ ಕವಲೊಡೆದ ಬೇರೆಯದೇ ಕುಲ ಎಂಬುದು ಅವಳ ನಂಬಿಕೆ. ಡಿಎನ್‌ಎ ಹೋಲಿಸಿ ಕಟ್ಟಿದ ವಿಕಾಸದ ಮರದಲ್ಲಿ ಅದಕ್ಕೊಂದು ಪ್ರತ್ಯೇಕ ಕೊಂಬೆಯೂ ಬಂದಿತ್ತು. ಆದರೆ ಆ ಕೊಂಬೆಯನ್ನು ಎಷ್ಟು ನಂಬಬಹುದು? ಅದನ್ನು ಅಳೆಯುವುದೇ ಶಿಶಿರನ ಸಾಫ್ಟ್‌ವೇರ್.

"ಇಸ್ಪೀಟ್ ಎಲೆ ಕಲೆಸಿದ ಹಾಗೆ," ಎಂದು ಅವನು ವಿವರಿಸಿದ. "ನಿಮ್ಮ ಡಿಎನ್‌ಎ ಅಕ್ಷರಗಳನ್ನ ಕಲೆಸಿ, ಒಂದಷ್ಟು ಎತ್ತಿ, ಹೊಸ ಮರ ಕಟ್ತದೆ. ಮತ್ತೆ ಕಲೆಸ್ತದೆ, ಮತ್ತೆ ಕಟ್ತದೆ. ನೂರರಲ್ಲಿ ಎಷ್ಟು ಸಲ ನಿಮ್ಮ ಕೊಂಬೆ ತಿರುಗಿ ಬಂತು ಅಂತ ಎಣಿಸ್ತದೆ. ಅರ್ಧ ಸಲ ಮಾತ್ರ ಬಂದ್ರೆ... ನಂಬೂದು ಕಷ್ಟ."

"ಕಷ್ಟ ನಿಮಗೆ. ನಂಗಲ್ಲ!"

ಬಾಗಿಲು ಧಡಾರನೆ ಹಾಕಿಕೊಂಡು ಹೋದಳು. ಲ್ಯಾಪ್‌ಟಾಪ್ ಮರೆತದ್ದಕ್ಕೆ ಮತ್ತೆ ಬರಬೇಕಾಯಿತು. ಶಿಶಿರ ನಗಲಿಲ್ಲ. ಅದೂ ಅವಳಿಗೆ ಸಿಟ್ಟು ತರಿಸಿತು.

ಆಮೇಲೆ ವಾರಕ್ಕೊಂದು ಜಗಳ. ಇನ್ನೊಂದು ಬೆಳಚಿನ ಮಾದರಿ ಸೇರಿಸಿದರೆ ನಲವತ್ತಾರು, ತೆಗೆದರೆ ಐವತ್ತೆರಡು. "ಈ ಸಲ ಹೆಚ್ಚಾಗ್ತದಾ?" ಎಂದರೆ "ಆಗಬಹುದು, ಆಗದೇನೂ ಇರಬಹುದು" ಎಂಬ ಉತ್ತರ. ಹೊಸ ಸೀರೆ ಹೇಗಿದೆ ಎಂದರೆ ಸೆರಗನ್ನು ಒಮ್ಮೆ, ಅಂಚನ್ನು ಒಮ್ಮೆ ನೋಡಿ, "ಅಂಚು ಚೆಂದ ಇದೆ" ಎಂದ ಪುಣ್ಯಾತ್ಮ! ಅಂಚು ಮಾತ್ರವಂತೆ!

ಆದರೂ ಬಸ್ ನಿಲ್ದಾಣದಲ್ಲಿ ಅವನಿಲ್ಲದೆ ಚಹಾ ಕುಡಿದ ದಿನ ಅವಳಿಗೆ ಚಹಾ ರುಚಿಸಲಿಲ್ಲ. ಸುತ್ತಲಿನವರೆಲ್ಲ ಮುಖ ನೋಡಿ ಮಾತಾಡುವವರು. ಈ ಒಬ್ಬನ ಬಾಯಲ್ಲಿ ಮಾತ್ರ ಸುಳ್ಳು ಬರುವುದಿಲ್ಲ ಎಂದುಕೊಂಡಿದ್ದಳು. ಅವಳು ಸೋತದ್ದು ಅದಕ್ಕೇ.

ಒಂದು ದಿನ ತಾಳ್ಮೆ ಕೆಟ್ಟಿತು. "ಓಡಿಸಿದಾಗೆಲ್ಲ ಬೇರೆ ಬೇರೆ ಬರೂದು ನಿಲ್ಲಿಸಿ ಮಾರಾಯ್ರೆ! ನಂಗೆ ತಲೆ ಕೆಟ್ಟು ಹೋಗ್ತದೆ!" ಅವಳ ಕಣ್ಣಲ್ಲಿ ನೀರಿತ್ತು.

ಶಿಶಿರ ಗಾಬರಿಯಾದ. "ಆತು, ಆತು. ಇವತ್ತೇ ಮಾಡ್ತೆ."

ಮರುದಿನ ಅವಳ ಕೊಂಬೆಯ ಮೇಲೆ ಇದ್ದದ್ದು ನೂರು!

ನೇತ್ರಾ ಕುರ್ಚಿಯಿಂದ ಜಿಗಿದೆದ್ದಳು. ಮುಂದಿನ ವಾರ ಕುಮಟಾದಲ್ಲಿ ವಿಚಾರಗೋಷ್ಠಿ. ಅಲ್ಲಿ ಈ ನೂರನ್ನು ತೋರಿಸಬೇಕು... ಅದು ಮುಗಿದ ಮೇಲೆ ಶಿಶಿರನಿಗೆ ಮನಸ್ಸಿನ ಮಾತು ಹೇಳಿಬಿಡಬೇಕು. ಎರಡನ್ನೂ ಒಂದೇ ದಿನ!

ಆ ದಿನ ಬಂತು. ಮಾರ್ಗದರ್ಶಕ ಗುರುದತ್ತ ಸರ್ ಮುಂದಿನ ಸಾಲಿನಲ್ಲಿದ್ದರು. ನೇತ್ರಾಳ ಹೆಸರು ಕರೆಯಲು ಇನ್ನೇನು ಸ್ವಲ್ಪ ಹೊತ್ತು ಎನ್ನುವಾಗ ಶಿಶಿರ ಏದುಸಿರು ಬಿಡುತ್ತಾ ಓಡಿಬಂದ.

"ನೇತ್ರಾ, ಆ ನೂರು ತೋರಿಸಬೇಡಿ! ತಪ್ಪು ಅದು. ಬೆಳಿಗ್ಗೆ ಸುಮ್ಮನೆ ಕೈಗೆ ಬಂದ ಅಕ್ಷರ ತುಂಬಿಸಿ ನೋಡ್ದೆ. ಅದಕ್ಕೂ ನೂರು!"

"ಅಂದ್ರೆ... ನಾ ಅತ್ತೆ ಅಂತ ನೂರು ಬರೂ ಹಾಗೆ ಮಾಡಿದ್ರಾ?"

"ನೀವು ಅತ್ರಿ ಅಂತಲೇ ಬದಲು ಮಾಡಿದ್ದು, ಆದ್ರೆ..."

"ಸಾಕು!"

'ಆದರೆ'ಯ ನಂತರದ್ದು ಅವಳ ಕಿವಿಗೆ ಬೀಳಲೇ ಇಲ್ಲ. ಇವನೂ ನನ್ನನ್ನು ಮಗುವಿನ ಹಾಗೆ ಸಮಾಧಾನ ಮಾಡಿದನಲ್ಲ! ಸುಳ್ಳು ಹೇಳಿ!

ವೇದಿಕೆ ಹತ್ತಿ, "ನನ್ನ ಲೆಕ್ಕದಲ್ಲಿ ತಪ್ಪಿದೆ. ಇವತ್ತು ತೋರಿಸಲು ಏನೂ ಇಲ್ಲ" ಎಂದು ಹೇಳಿ ಇಳಿದಳು. ಗುರುದತ್ತ ಸರ್ ಮುಖ ತಿರುಗಿಸಿದರು. ಮುಟ್ಟಳ್ಳಿಯವರೆಗೂ ಬಸ್ಸಿನ ಕಿಟಕಿಗೆ ಮುಖ ಮಾಡಿ ಅತ್ತಳು. ಶಿಶಿರನ ನಂಬರನ್ನು ಬ್ಲಾಕ್ ಮಾಡಿದಳು.

ಕೆಲವು ವಾರಗಳ ನಂತರ ಬೆಳಚು ಹೆಕ್ಕುವ ಮಂಗಲಕ್ಕನ ಫೋನ್ ಬಂತು.

"ಎಂತ ನೇತ್ರಾ, ನಿನ್ನ ಕಡೆಯವ್ರು ಒಬ್ರು ದಿನಾ ಬಂದು ಕೆಸರಲ್ಲಿ ಹುಗದು ಕೂತ್ಕಂತ್ರಲ್ಲ! ಹೆಕ್ಕೂಕೂ ಬರೂದಿಲ್ಲ, ಹೇಳಿದ್ರೆ ಕೇಳೂದೂ ಇಲ್ಲ. ಬಂದು ಕರ್ಕಂಡು ಹೋಗೆ!"

ನೇತ್ರಾ ಹೋದಳು. ಬೈಯುವುದಕ್ಕೇ ಹೋದಳು, ಹಾಗೆಂದು ತನಗೆ ತಾನೇ ಹೇಳಿಕೊಂಡಳು.

ನೀರಿಳಿದ ಅಳಿವೆಯಲ್ಲಿ ಶಿಶಿರ ಮೊಣಕಾಲವರೆಗೆ ಕೆಸರಿನಲ್ಲಿ ಸಿಕ್ಕಿಕೊಂಡಿದ್ದ. ಕೈಯಲ್ಲಿ ಚೀಲ, ಕೆನ್ನೆಯ ಮೇಲೆ ಕೆಸರು. ಸುತ್ತಲಿನ ಹೆಂಗಸರು ನಗುತ್ತಿದ್ದರು.

"ಎಂತ ಮಾಡ್ತಿದ್ರಿ ಇಲ್ಲಿ?"

"ನಿಮ್ಮ ಹಳೇ ಮಾದರಿ ಹಾಳಾಗಿತ್ತು. ತಾಜಾ ಸಿಕ್ರೆ ಇನ್ನೂ ಕೆಲವು ಜೀನ್ ಓದಿಸಬಹುದು. ಗುರುದತ್ತ ಸರ್ ಹತ್ರ ಕೇಳ್ದೆ, ಒಪ್ಪಿದ್ರು. ತಪ್ಪು ನಂದೇ ಅಂತಲೂ ಹೇಳ್ದೆ."

"ಸುಳ್ಳು ಹೇಳಿದ್ದನ್ನೂ ಹೇಳಿದ್ರಾ?"

ಶಿಶಿರನಿಗೆ ಮೊದಲ ಬಾರಿ ಸಿಟ್ಟು ಬಂತು. "ಸುಳ್ಳಲ್ಲ ಅದು! ಉತ್ತರ ಅಲುಗಾಡಬಾರದು ಅಂದ್ರಲ್ಲ? ಮೊದಲನೇ ಕಲೆಸೂದನ್ನ ಮಾತ್ರ ಮೊಳೆ ಹೊಡೆದ ಹಾಗೆ ಭದ್ರ ಮಾಡಬೇಕಿತ್ತು, ಉಳಿದದ್ದೆಲ್ಲ ಅದರ ಹಿಂದೆ ಬೇರೆ ಬೇರೆಯಾಗಿ ಬರ್ತಿತ್ತು. ನೀವು ಅತ್ತ ಗಡಿಬಿಡೀಲಿ ಎಲ್ಲಾ ಕಲೆಸೂದಕ್ಕೂ ಅದೇ ಮೊಳೆ ಹೊಡೆದೆ. ನೂರು ಸಲವೂ ಒಂದೇ ಎಲೆ, ಒಂದೇ ಮರ! ಎಲ್ಲ ಕೊಂಬೆಗೂ ನೂರು ಬಂದದ್ದು ನೀವು ನೋಡ್ಲಿಲ್ವಾ?"

ಎಲ್ಲ ಕೊಂಬೆಗೂ? ನೇತ್ರಾ ನೋಡಿದ್ದು ತನ್ನ ಕೊಂಬೆಯೊಂದನ್ನೇ!

"ನಾ... ಬೇರೆ ಕಡೆ ಕಣ್ಣೇ ಹಾಕ್ಲಿಲ್ಲ," ಎಂದಳು, ಸಣ್ಣ ದನಿಯಲ್ಲಿ.

"ನಾನೂ ಅಷ್ಟೇ. ನಿಮ್ಮ ಕಣ್ಣೀರು ಬಿಟ್ಟು ಬೇರೆ ಎಂತದೂ ನೋಡ್ಲಿಲ್ಲ."

ಮಂಗಲಕ್ಕ ಬೇಕೆಂದೇ ದೂರ ಸರಿದಳು.

"ಈಗ ತಾಜಾ ಮಾದರಿ ಸೇರಿದ್ರೆ... ಹೆಚ್ಚಾಗ್ತದಾ?"

"ಆಗಬಹುದು. ಕಮ್ಮಿನೂ ಆಗಬಹುದು."

"ಥೂ! ಕೆಸರಲ್ಲಿ ಹುಗದ್ರೂ ಬುದ್ಧಿ ಬರೂದಿಲ್ಲ ನಿಮಗೆ! ಒಂದೇ ಒಂದು ವಿಷಯನಾದ್ರೂ ಗಟ್ಟಿಯಾಗಿ ಗೊತ್ತಾ?"

ಶಿಶಿರ ತಡವರಿಸಿದ. ಗಡಿಬಿಡಿಯಾದಾಗ ಬಾಯಿಗೆ ಬರುವ, 'ನನಗೆ' ಎನ್ನಲು 'ಯಂಗೆ' ಎನ್ನುವ, ತನ್ನೂರು ಕತಗಾಲದ ಮನೆಮಾತು ಬಂದೇಬಿಟ್ಟಿತು.

"ಯಂಗೆ ನೀನು ಬೇಕು. ಅದೊಂದು ಗೊತ್ತಿದ್ದು."

ನೇತ್ರಾಳ ಕಣ್ಣು ತುಂಬಿತು. ಮುಖ ನೋಡಿ ಮಾತಾಡಲು ಬಾರದವನು ಈ ಮಾತನ್ನು ಅವಳ ಮುಖವನ್ನೇ ನೋಡುತ್ತಾ ಹೇಳಿದ್ದ.

ಚಪ್ಪಲಿ ಬಿಟ್ಟು ಕೆಸರಿಗಿಳಿದು ಅವನ ಕೈ ಹಿಡಿದಳು. "ನಾ ಇದನ್ನ ಒಂದ್ಸಲ ಕೇಳಿ ನಂಬೂಳಲ್ಲ. ಸಿಟ್ಟಿದ್ದಾಗ ಕೇಳ್ತೆ. ಜಗಳ ಆದಾಗ ಕೇಳ್ತೆ. ಮುದುಕಿಯಾದ ಮೇಲೂ ಕೇಳ್ತೆ."

"ಕೇಳು. ಈ ಉತ್ತರಕ್ಕೆ ಮೊಳೆ ಹೊಡೆಯೂದಿಲ್ಲ. ಪ್ರತಿ ಸಲ ಹೊಸದಾಗೇ ಹೇಳ್ತೆ."

"ಹಾಗಾದ್ರೆ ಈಗ ಮತ್ತೊಂದ್ಸಲ ಹೇಳು."

"ಮೊದಲು ಕಾಲು ಎಳಿ ಮಾರಾಯ್ತಿ... ಹುಗದು ಹೋಗ್ತೆ!"

"ಹೇಳು, ಆಮೇಲೆ ಎಳೀತೆ."

ಅವನು ಹೇಳಿದ. ಅವಳು ಎಳೆದಳು.